ಹಲಗೆಗಿಂತ ಮೊದಲು ಚಾವಣಿ: ಮನೆಯೊಳಗಿನ ಉಯ್ಯಾಲೆಯ ಬಗ್ಗೆ ಓದುಗರ ಪ್ರಶ್ನೆಗಳು

ಶ್ರಾವಣ ಹತ್ತಿರವಾಗುತ್ತಿದ್ದಂತೆ ಈ ಅಂಕಣಕ್ಕೆ ಉಯ್ಯಾಲೆಯನ್ನು ಕುರಿತ ಪತ್ರಗಳು ಬರುವುದು ವಾಡಿಕೆ. ಪಂಚಮಿಗೆ ಬೇವಿನ ಮರಕ್ಕೋ ಹುಣಸೆ ಮರಕ್ಕೋ ಜೋಕಾಲಿ ಕಟ್ಟಿ, ಉಂಡಿ ಹಂಚಿಕೊಂಡು ತಿಂದು ಜೀಕಿದ ಉತ್ತರ ಕರ್ನಾಟಕದವರು, ಜಗಲಿಯ ತೂಗುಮಂಚದ ಮೇಲೆ ಮಳೆಯ ಸದ್ದು ಕೇಳುತ್ತ ಮಧ್ಯಾಹ್ನ ಕಳೆದ ಮಲೆನಾಡಿನವರು ಇಂದು ಮರವೂ ಜಗಲಿಯೂ ಇಲ್ಲದ ಮನೆಗಳಲ್ಲಿದ್ದಾರೆ. ಆದರೂ ತೂಗುವ ಆಸೆ ಉಳಿದಿದೆ. ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಯಾವ ಮರ, ಯಾವ ಬಣ್ಣ, ಯಾವ ಮೆತ್ತೆ ಎಂದು ಕೇಳಿವೆ. ಉತ್ತರಗಳಲ್ಲಿ ಮಾತ್ರ ಚಾವಣಿಯ ಮಾತೇ ಹೆಚ್ಚಾಗಿದೆ. ಅದಕ್ಕೆ ಕಾರಣ ಮೊದಲ ಉತ್ತರದಲ್ಲೇ ತಿಳಿಯುತ್ತದೆ.

ಪ್ರಶ್ನೆ: ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರ ಮೂರನೆಯ ಮಹಡಿಯಲ್ಲಿ ನಮ್ಮ ಮನೆಯಿದೆ. ಹಾಲ್‌ನಲ್ಲಿ ಒಬ್ಬರು ಕೂರುವ, ಗೂಡಿನ ಆಕಾರದ ಬೆತ್ತದ ತೂಗುಕುರ್ಚಿ ಹಾಕಬೇಕೆಂದಿದ್ದೇವೆ. ಹಾಲ್‌ಗೆ ಜಿಪ್ಸಂ ಫಾಲ್ಸ್ ಸೀಲಿಂಗ್ ಮಾಡಿಸಿದ್ದೇವೆ. ಒಂದು ಫ್ಯಾನ್ ಹುಕ್ ಖಾಲಿ ಇದೆ. ಅದಕ್ಕೇ ಹಾಕಿದರೆ ಸಾಕು ಎಂದು ಬಡಗಿ ಹೇಳುತ್ತಾರೆ. ಹಾಗೆ ಮಾಡಬಹುದೇ?
— ಗೃಹಿಣಿಯೊಬ್ಬರು, ಬೆಂಗಳೂರು

ದಯವಿಟ್ಟು ಮಾಡಬೇಡಿ. ಸಾಮಾನ್ಯ ಸೀಲಿಂಗ್ ಫ್ಯಾನಿನ ತೂಕ ನಾಲ್ಕೈದು ಕಿಲೊ. ಅದನ್ನು ಹೊರಲೆಂದು ಸ್ಲ್ಯಾಬ್ ಹಾಕುವಾಗ ತಗಡಿನ ಡಬ್ಬಿಯೊಳಗೆ ಒಂದು ಸರಳು ತೂರಿಸಿ ಇಟ್ಟಿರುತ್ತಾರೆ. ಆ ಸರಳು ಕಾಂಕ್ರೀಟಿನೊಳಗೆ ಎಷ್ಟು ಉದ್ದ ಹೋಗಿದೆ, ಕೆಳಗಿನ ಕಂಬಿಜಾಲದ ಮೇಲೆ ಕೂತಿದೆಯೋ ಇಲ್ಲವೋ ಎಂಬುದನ್ನು ಕೆಳಗೆ ನಿಂತು ನೋಡಿ ಯಾರೂ ಹೇಳಲಾರರು.

ಈಗ ಉಯ್ಯಾಲೆಯ ಭಾರವನ್ನು ಲೆಕ್ಕ ಹಾಕಿ. 75 ಕಿಲೊ ತೂಕದ ವ್ಯಕ್ತಿ, 20 ಕಿಲೊ ತೂಕದ ಕುರ್ಚಿ, ಒಟ್ಟು 95 ಕಿಲೊ. ಇದು ಅಲ್ಲಾಡದೆ ನಿಂತಿರುವಾಗಿನ ಮಾತು. ಸರಪಳಿ ನೆಟ್ಟಗಿನ ಗೆರೆಯಿಂದ 30 ಡಿಗ್ರಿಯವರೆಗೆ ತೂಗಿ ಕೆಳಗೆ ಬರುವ ಕ್ಷಣದಲ್ಲಿ ಕೊಂಡಿಯ ಮೇಲಿನ ಎಳೆತ ಸುಮಾರು ಕಾಲು ಭಾಗ ಹೆಚ್ಚಿ 120 ಕಿಲೊ ಆಗುತ್ತದೆ; 60 ಡಿಗ್ರಿಯವರೆಗೆ ಜೀಕಿದರೆ ಎಳೆತ ಎರಡು ಪಟ್ಟಾಗುತ್ತದೆ. ಯಾರಾದರೂ ಧೊಪ್ಪನೆ ಕುಳಿತರೂ ಅಷ್ಟೇ: ಒಮ್ಮೆಲೇ ಬಿದ್ದ ಭಾರ ಆ ಕ್ಷಣಕ್ಕೆ ಎರಡು ಪಟ್ಟಿನಷ್ಟು, ಎತ್ತರದಿಂದ ಬಿದ್ದರೆ ಅದಕ್ಕೂ ಮೀರಿ, ಎಳೆಯುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ದೊಡ್ಡವರ ತೊಡೆಯ ಮೇಲೆ ಒಬ್ಬರು, ಕುರ್ಚಿಯ ಬೆನ್ನಿಗೆ ಜೋತುಬಿದ್ದವರು ಇನ್ನೊಬ್ಬರು ಇದ್ದೇ ಇರುತ್ತಾರೆ. ಈ ಕಾರಣಗಳಿಂದಲೇ ಒಬ್ಬರು ಕೂರುವ ಕುರ್ಚಿಗೂ 500 ಕಿಲೊ ತಾಳುವ ಕೊಂಡಿಯನ್ನೇ ನಾನು ಕೇಳುತ್ತೇನೆ. ಇದು ಅತಿ ಎಂದು ನಿಮ್ಮ ಬಡಗಿಗೆ ಅನ್ನಿಸಬಹುದು. ಆದರೆ ಮೂರು ಸೆಕೆಂಡಿಗೆ ಒಂದು ತೂಗಿನಂತೆ ಒಂದು ಗಂಟೆಯಲ್ಲಿ ಉಯ್ಯಾಲೆ 1,200 ಸಲ ಹೋಗಿ ಬರುತ್ತದೆ. ಸುಮ್ಮನೆ ನೇತಾಡುವ ದೀಪದ ಗೊಂಚಲಿಗೂ ಇದಕ್ಕೂ ಇರುವ ವ್ಯತ್ಯಾಸ ಅದೇ. ಒಂದೇ ಸಲಕ್ಕೆ ಕಿತ್ತುಬರದ ಬೋಲ್ಟ್ ಸಾವಿರ ಸಲ ಅಲುಗಿ ಸಡಿಲವಾಗಿ ಬರುತ್ತದೆ.

ನಿಮ್ಮ ಸ್ಲ್ಯಾಬಿಗೆ ಹೊಸ ಕೊಂಡಿ ಹಾಕಿಸಬಹುದೇ ಎಂಬುದು ಮುಂದಿನ ಪ್ರಶ್ನೆ. ಮೊದಲು ಅಪಾರ್ಟ್‌ಮೆಂಟ್ ಸಂಘದ ಮೂಲಕ ಕಟ್ಟಡದ ಸ್ಟ್ರಕ್ಚರಲ್ ನಕ್ಷೆ ತರಿಸಿಕೊಳ್ಳಿ. ಈಚಿನ ಹಲವು ಬಹುಮಹಡಿ ಕಟ್ಟಡಗಳಲ್ಲಿ ಪೋಸ್ಟ್ ಟೆನ್ಷನ್ ಸ್ಲ್ಯಾಬ್ ಇರುತ್ತದೆ, ಅಂದರೆ ಕಾಂಕ್ರೀಟಿನೊಳಗೆ ಬಿಗಿಯಾಗಿ ಎಳೆದು ಕಟ್ಟಿದ ಉಕ್ಕಿನ ತಂತಿಗಳಿರುತ್ತವೆ. ಡ್ರಿಲ್ ಅಂಥ ತಂತಿಗೆ ತಗುಲಿದರೆ ಅಪಾಯ ನಿಮ್ಮ ಮನೆಗಷ್ಟೇ ಸೀಮಿತವಲ್ಲ. ಅಲ್ಲಿ ಉತ್ತರ ‘ಬೇಡ’ ಎಂಬುದೊಂದೇ. ಸಾಧಾರಣ ಆರ್‌ಸಿಸಿ ಸ್ಲ್ಯಾಬ್ ಆಗಿದ್ದರೆ, ಕಂಬಿ ಪತ್ತೆಹಚ್ಚುವ ಯಂತ್ರವಿರುವವರನ್ನು ಕರೆಸಿ, ಕಂಬಿ ತಪ್ಪಿಸಿ ರಂಧ್ರ ಕೊರೆಸಬೇಕು. ಸ್ಲ್ಯಾಬಿನ ತಳಭಾಗ, ಅದರಲ್ಲೂ ನಟ್ಟನಡುವಿನ ಭಾಗ, ಸದಾ ಎಳೆತಕ್ಕೆ ಒಳಗಾಗಿರುವುದರಿಂದ ಅಲ್ಲಿ ಕಣ್ಣಿಗೆ ಕಾಣದ ಕೂದಲೆಳೆಯ ಬಿರುಕುಗಳು ಇರುವುದು ಸಹಜ. ಆದ್ದರಿಂದ ಬಿರುಕುಳ್ಳ ಕಾಂಕ್ರೀಟಿಗೂ ಯೋಗ್ಯವೆಂದು ತಯಾರಕರು ಲಿಖಿತವಾಗಿ ಹೇಳಿರುವ ಆ್ಯಂಕರ್ ಬೋಲ್ಟನ್ನೇ ಕೊಳ್ಳಿ. ಅಂಗಡಿಯ ಮುಂದಿನ ಡಬ್ಬಿಯಲ್ಲಿ ರಾಶಿ ಹಾಕಿ ಮಾರುವ ಬೋಲ್ಟ್ ಈ ಕೆಲಸಕ್ಕಲ್ಲ.

ಅಂಟಿನಿಂದ ಕೂಡಿಸುವ ಕೆಮಿಕಲ್ ಆ್ಯಂಕರ್ ಬಗ್ಗೆಯೂ ಒಂದು ಮಾತು ಹೇಳಬೇಕು. 2006ರಲ್ಲಿ ಅಮೆರಿಕದ ಬಾಸ್ಟನ್ ನಗರದ ರಸ್ತೆ ಸುರಂಗವೊಂದರಲ್ಲಿ ಚಾವಣಿಯ ಕಾಂಕ್ರೀಟ್ ಫಲಕಗಳು ಕಾರೊಂದರ ಮೇಲೆ ಕಳಚಿಬಿದ್ದು ಮಹಿಳೆಯೊಬ್ಬರು ಮೃತಪಟ್ಟರು. ಬೋಲ್ಟುಗಳನ್ನು ಹಿಡಿದಿದ್ದ ಬೇಗ ಗಟ್ಟಿಯಾಗುವ ಬಗೆಯ ಎಪಾಕ್ಸಿ ಅಂಟು, ತಲೆಯ ಮೇಲೆ ನಿರಂತರವಾಗಿ ತೂಗುವ ಭಾರಕ್ಕೆ ನಿಧಾನವಾಗಿ ಜಗ್ಗಿ ಜಾರಿತ್ತೆಂದು ತನಿಖೆಯಲ್ಲಿ ತಿಳಿಯಿತು. ಹಾಗೆಂದು ಎಲ್ಲ ಅಂಟೂ ಕೆಟ್ಟದ್ದಲ್ಲ. ಕೆಳಮುಖವಾಗಿ ಸದಾ ಎಳೆಯುವ ಭಾರಕ್ಕೆ ಅದು ಯೋಗ್ಯವೆಂಬ ಮಾತು ಪೊಟ್ಟಣದೊಂದಿಗೆ ಬರುವ ವಿವರದಲ್ಲಿರಬೇಕು. ಕೊರೆದ ರಂಧ್ರದ ಧೂಳನ್ನು ಬ್ರಷ್ಷಿನಿಂದ ಉಜ್ಜಿ, ಗಾಳಿ ಊದಿ, ಮತ್ತೆ ಉಜ್ಜಿ ತೆಗೆದಿರಬೇಕು. ಧೂಳು ಉಳಿದರೆ ಅಂಟು ಕಾಂಕ್ರೀಟನ್ನು ಹಿಡಿಯುವುದಿಲ್ಲ, ಧೂಳನ್ನು ಹಿಡಿದುಕೊಂಡಿರುತ್ತದೆ.

ಫಾಲ್ಸ್ ಸೀಲಿಂಗಿನಿಂದ ಇನ್ನೊಂದು ತೊಡಕಿದೆ. ಜಿಪ್ಸಂ ಹಲಗೆ ಭಾರ ಹೊರುವುದಿಲ್ಲವೆಂಬುದು ಎಲ್ಲರಿಗೂ ಗೊತ್ತು. ಕೊಂಡಿಯನ್ನು ಮೇಲಿನ ಸ್ಲ್ಯಾಬಿಗೇ ಹಾಕಿ ಸರಪಳಿಯನ್ನು ತೂತಿನ ಮೂಲಕ ಕೆಳಗಿಳಿಸಿದರೆ, ತೂಗುವಾಗಲೆಲ್ಲ ಸರಪಳಿ ಆ ತೂತಿನ ಅಂಚನ್ನು ಗರಗಸದಂತೆ ಕೊಯ್ಯುತ್ತದೆ. ಅದನ್ನು ತಪ್ಪಿಸಲು ಉದ್ದನೆಯ ಕಬ್ಬಿಣದ ಪೈಪು ಇಳಿಸಿ ಅದರ ತುದಿಗೆ ಕೊಂಡಿ ಹಾಕುವವರಿದ್ದಾರೆ. ಆಗ ಪೈಪು ಸನ್ನೆಕೋಲಿನಂತೆ ವರ್ತಿಸಿ ಮೇಲಿನ ಬೋಲ್ಟುಗಳನ್ನು ಹಿಂದೆ ಮುಂದೆ ಮೀಟುತ್ತದೆ. ಉಯ್ಯಾಲೆ ಬರುವ ಜಾಗದಲ್ಲಿ ಫಾಲ್ಸ್ ಸೀಲಿಂಗನ್ನು ಎರಡು ಅಡಿ ಅಗಲಕ್ಕೆ ಕತ್ತರಿಸಿ, ಅಂಚು ಕಟ್ಟಿ, ಸ್ಲ್ಯಾಬ್ ಕಾಣುವಂತೆ ತೆರೆದಿಡುವುದೇ ಸರಿಯಾದ ಕ್ರಮ. ಅದರಿಂದ ಕೊಂಡಿಯೂ ಸದಾ ಕಣ್ಣಿಗೆ ಬೀಳುತ್ತಿರುತ್ತದೆ.

ಎಲ್ಲ ಮುಗಿದ ಮೇಲೆ ಪರೀಕ್ಷಿಸದೆ ಯಾರನ್ನೂ ಕೂರಿಸಬೇಡಿ. ಒಂದು ಸಿಮೆಂಟ್ ಚೀಲ 50 ಕಿಲೊ ಇರುತ್ತದೆ. ನಾಲ್ಕು ಚೀಲಗಳನ್ನು ಗಟ್ಟಿ ಹಲಗೆಯ ಮೇಲೆ ಕಟ್ಟಿ, ನೆಲದಿಂದ ಆರು ಇಂಚು ಮಾತ್ರ ಮೇಲೆ ಇರುವಂತೆ ಆ ಕೊಂಡಿಗೆ ನೇತುಹಾಕಿ, ಕೆಳಗೆ ಹಳೆಯ ಹಾಸಿಗೆ ಹಾಸಿ, ಒಂದು ಹಗಲು ಒಂದು ರಾತ್ರಿ ಬಿಡಿ. ಬೋಲ್ಟಿನ ಸುತ್ತ ಪೆನ್ಸಿಲಿನಿಂದ ಗುರುತು ಮಾಡಿಟ್ಟರೆ ಮಾರನೆಯ ದಿನ ಅದು ಕೂದಲಷ್ಟು ಇಳಿದಿದ್ದರೂ ತಿಳಿಯುತ್ತದೆ.

ಇಷ್ಟೆಲ್ಲ ಆಗದೆಂದಾದರೆ ಸ್ಟ್ಯಾಂಡ್ ಸಹಿತ ಬರುವ ತೂಗುಕುರ್ಚಿಯನ್ನು ಕೊಳ್ಳಿ. ಮೂರೂವರೆ ಅಡಿ ಅಗಲ, ಅಷ್ಟೇ ಉದ್ದದ ನೆಲ ಅದಕ್ಕೇ ಮೀಸಲಾಗುತ್ತದೆ. ಅಗಲವಾದ ತಳ, ನುಣುಪಾದ ಟೈಲ್ಸ್ ಮೇಲೆ ಜಾರದ ರಬ್ಬರ್ ಪಾದ, ತಾಳುವ ಭಾರವನ್ನು ಬರೆದ ಚೀಟಿ, ಈ ಮೂರನ್ನೂ ನೋಡಿ ಕೊಳ್ಳಿ. ಬಾಡಿಗೆ ಮನೆಯಿಂದ ಬರೆದಿರುವ ಇನ್ನು ಮೂವರು ಓದುಗರಿಗೂ ಇದೇ ಉತ್ತರ.

ಪ್ರಶ್ನೆ: ಧಾರವಾಡದಲ್ಲಿ ಮನೆ ಕಟ್ಟಿಸುತ್ತಿದ್ದೇವೆ, ಮುಂದಿನ ತಿಂಗಳು ಸ್ಲ್ಯಾಬ್ ಬೀಳುತ್ತದೆ. ನಮ್ಮ ಅವ್ವನಿಗೆ 74 ವರ್ಷ. ತವರುಮನೆಯ ಪಡಸಾಲೆಯಲ್ಲಿ ಇದ್ದಂಥ ಕಟ್ಟಿಗೆಯ ಜೋಕಾಲಿ ತನಗೂ ಬೇಕೆಂಬುದು ಅವರ ಆಸೆ. ಮೊಣಕಾಲು ನೋವಿದೆ. ಅಳತೆ, ಕಟ್ಟಿಗೆ, ಜಾಗ ಹೇಗಿರಬೇಕು?
— ಶಿಕ್ಷಕರೊಬ್ಬರು, ಧಾರವಾಡ

ನೀವು ಸರಿಯಾದ ಸಮಯಕ್ಕೆ ಕೇಳಿದ್ದೀರಿ. ಸ್ಲ್ಯಾಬ್ ಬೀಳುವ ಮೊದಲು ಇಟ್ಟ ಕೊಂಡಿಗೂ ಬಿದ್ದ ಮೇಲೆ ಕೊರೆದು ಹಾಕಿದ ಕೊಂಡಿಗೂ ಹೋಲಿಕೆಯೇ ಇಲ್ಲ. ಈ ವಾರವೇ ನಿಮ್ಮ ಸ್ಟ್ರಕ್ಚರಲ್ ಎಂಜಿನಿಯರಿಗೆ ಜೋಕಾಲಿಯ ಜಾಗವನ್ನು ನಕ್ಷೆಯಲ್ಲಿ ಗುರುತಿಸಿ ಕೊಡಿ. ಅಲ್ಲಿ ಒಂದು ಬೀಮ್ ಬರುವಂತಿದ್ದರೆ ಅತ್ಯುತ್ತಮ. 16 ಮಿಲಿಮೀಟರ್ ದಪ್ಪದ ನುಣುಪು ಸರಳನ್ನು ‘ಯು’ ಆಕಾರಕ್ಕೆ ಬಗ್ಗಿಸಿ, ಅದರ ಎರಡೂ ಕಾಲುಗಳನ್ನು ಬೀಮಿನ ಕೆಳಗಂಬಿಗಳ ಮೇಲಕ್ಕೆ ಹಾಯಿಸಿ, ಮಡಚಿ, ತಂತಿಯಿಂದ ಕಟ್ಟಿಸಬೇಕು. ಕಾಲುಗಳು ಎಷ್ಟು ಉದ್ದ ಒಳಗಿರಬೇಕೆಂಬುದನ್ನು ಎಂಜಿನಿಯರ್ ಹೇಳಲಿ. ಸೆಂಟ್ರಿಂಗ್ ಮೇಲೆ ಕಂಬಿ ಕಟ್ಟಿದ ದಿನ ನೀವೇ ಹತ್ತಿ ನೋಡಿ, ಮೊಬೈಲಿನಲ್ಲಿ ಚಿತ್ರ ತೆಗೆದಿಡಿ. ಆಮೇಲೆ ಅದನ್ನು ನೋಡುವ ಅವಕಾಶ ಯಾರಿಗೂ ಇಲ್ಲ.

ಕೊಂಡಿ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದರ ಕಡೆಗೂ ಗಮನವಿರಲಿ. ‘ಯು’ ಆಕಾರದ ಅಗಲವು ಹಲಗೆಯ ಉದ್ದಕ್ಕೆ ಸಮಾನಾಂತರವಾಗಿ ಇರಬೇಕು. ಆಗ ಜೋಕಾಲಿ ತೂಗುವಾಗ ಸರಪಳಿಯ ಮೇಲಿನ ಬಳೆ ಸರಳಿನ ಸುತ್ತ ಸಲೀಸಾಗಿ ಹೊರಳುತ್ತದೆ. ಅಡ್ಡಲಾಗಿ ಕೂತರೆ ಬಳೆ ಹೊರಳುವ ಬದಲು ಪಕ್ಕಕ್ಕೆ ಉಜ್ಜುತ್ತ ಸವೆಯುತ್ತದೆ. ಸೆಂಟ್ರಿಂಗ್ ಕೆಲಸದವರಿಗೆ ಇದು ಹೊಳೆಯುವುದಿಲ್ಲ. ಸುಣ್ಣದಲ್ಲಿ ಗೆರೆ ಎಳೆದು ತೋರಿಸಬೇಕು.

ಎರಡು ಕೊಂಡಿ ಸಾಕೇ, ನಾಲ್ಕು ಬೇಕೇ? ಪ್ರತಿ ಬದಿಯ ಎರಡು ಸರಪಳಿಗಳು ಮೇಲೆ ಒಂದೇ ಕೊಂಡಿಗೆ ಸೇರಿದರೆ, ಮುಂದಿನ ಅಂಚಿನಲ್ಲಿ ಕುಳಿತ ಕೂಡಲೇ ಹಲಗೆ ಮುಂದಕ್ಕೆ ಬಾಗುತ್ತದೆ. ನಾಲ್ಕು ಮೂಲೆಗೂ ನಾಲ್ಕು ಕೊಂಡಿ ಇದ್ದು ಸರಪಳಿಗಳು ನೆಟ್ಟಗೆ ಇಳಿದಿದ್ದರೆ ಹಲಗೆ ಬಾಗದೆ ಮಟ್ಟಸವಾಗಿಯೇ ಹಿಂದೆ ಮುಂದೆ ಚಲಿಸುತ್ತದೆ. ಮೊಣಕಾಲು ನೋವಿರುವ ಹಿರಿಯರು ಅಂಚಿಗೆ ಸರಿದು, ಕೈಯೂರಿ ಏಳುವವರು; ಅವರ ಕೈಕೆಳಗೆ ಹಲಗೆ ಬಾಗಬಾರದು. ಆದ್ದರಿಂದ ನಿಮ್ಮ ಮನೆಗೆ ನಾಲ್ಕು ಕೊಂಡಿಗಳೇ ಇರಲಿ. ಹಿಂದಿನ ಎರಡು ಕೊಂಡಿಗಳು ಬೀಮಿಗೆ ಸಿಗದಿದ್ದರೆ ಸ್ಲ್ಯಾಬಿನೊಳಗೇ ಹೆಚ್ಚುವರಿ ಕಂಬಿ ಕಟ್ಟಿ ಅಡಗಿಸುವ ಬೀಮನ್ನು ಎಂಜಿನಿಯರ್ ಕೊಡಬಲ್ಲರು. ಭಾರ ನಾಲ್ಕಕ್ಕೂ ಸಮನಾಗಿ ಹಂಚಿಹೋಗುತ್ತದೆಂದು ಮಾತ್ರ ಎಣಿಸಬಾರದು. ಸರಪಳಿಗಳಲ್ಲಿ ಒಂದು ಬಳೆಯಷ್ಟು ಹೆಚ್ಚುಕಡಿಮೆಯಾದರೂ ಭಾರವೆಲ್ಲ ಎರಡರ ಮೇಲೇ ಬೀಳುತ್ತದೆ.

ಜಾಗದ ಲೆಕ್ಕ ಹೀಗೆ. ನಿಮ್ಮ ಚಾವಣಿ ಹತ್ತು ಅಡಿ ಎತ್ತರವೆಂದೂ ಹಲಗೆ ನೆಲದಿಂದ ಒಂದೂವರೆ ಅಡಿ ಮೇಲೆಂದೂ ಇಟ್ಟುಕೊಂಡರೆ ಸರಪಳಿ ಎಂಟೂವರೆ ಅಡಿ. ಕಾಲಿನಿಂದ ನೆಲ ಮೀಟಿ ಮೆಲ್ಲಗೆ ತೂಗಿದರೂ, 20 ಡಿಗ್ರಿಯಷ್ಟು ಬಾಗಿದರೆ, ಹಲಗೆ ನಡುಗೆರೆಯಿಂದ ಎರಡೂ ಕಡೆಗೆ ಮೂರು ಅಡಿ ಹೋಗುತ್ತದೆ. ಅದಕ್ಕೆ ಹಲಗೆಯ ಅರ್ಧ ಅಗಲ ಒಂದು ಅಡಿ, ಮುಂದೆ ಚಾಚುವ ಕಾಲು ಒಂದೂವರೆ ಅಡಿ ಸೇರಿಸಿದರೆ ಹಿಂದೆ ನಾಲ್ಕು, ಮುಂದೆ ಐದೂವರೆ, ಒಟ್ಟು ಒಂಬತ್ತೂವರೆ ಅಡಿ ಬೇಕು. ಹಿಂದಿನ ಗೋಡೆಗೂ ಹಲಗೆಗೂ ಇನ್ನೊಂದು ಅಡಿ ಬಿಡುವಿರಲಿ, ತುದಿಗಳಲ್ಲಿ ಒಂದೂವರೆ ಅಡಿ ಇರಲಿ. ಪಡಸಾಲೆಯ ಅಗಲ ಹನ್ನೆರಡು ಅಡಿಯಾಗಿದ್ದರೆ ಜೋಕಾಲಿ ಅಡ್ಡಲಾಗಿ ತೂಗಿದಾಗ ನಡೆಯಲು ದಾರಿಯೇ ಉಳಿಯುವುದಿಲ್ಲ. ಪಡಸಾಲೆಯ ಉದ್ದಕ್ಕೆ ತೂಗುವಂತೆ, ಅಡುಗೆಮನೆಗೂ ಹೊರಬಾಗಿಲಿಗೂ ಇರುವ ಓಡಾಟದಿಂದ ದೂರವಾಗಿ, ಒಂದು ತುದಿಗೆ ಇಡಿ. ನಾನಾದರೆ ಅವ್ವ ಕುಳಿತಲ್ಲಿಂದ ಬಾಗಿಲು ಕಾಣುವಂತೆ ಇಡುತ್ತೇನೆ. ಜೋಕಾಲಿಯ ಮೇಲೆ ಕುಳಿತ ಹಿರಿಯರಿಗೆ ಬಂದವರ ಮುಖ ಕಾಣುವುದು ದೊಡ್ಡ ಸಮಾಧಾನ. ಫ್ಯಾನಿನ ರೆಕ್ಕೆ ನಡುವಿನಿಂದ ಎರಡು ಅಡಿ ದೂರದವರೆಗೆ ಸುತ್ತುತ್ತದೆ. ಸರಪಳಿ ಅದರ ಹತ್ತಿರ ಸುಳಿಯದಂತೆ ಕೊಂಡಿಗಳ ಜಾಗ ನಿಶ್ಚಯಿಸುವಾಗಲೇ ಫ್ಯಾನಿನ ಜಾಗವನ್ನೂ ಬದಲಿಸಿ.

ಸರಪಳಿ ಉದ್ದವಾದಷ್ಟೂ ತೂಗು ನಿಧಾನ. ಎಂಟೂವರೆ ಅಡಿಯ ಸರಪಳಿಯಲ್ಲಿ ಹೋಗಿ ಬರಲು ಮೂರೂಕಾಲು ಸೆಕೆಂಡು ಬೇಕು, ಹತ್ತು ಅಡಿಯದಾದರೆ ಮೂರೂವರೆ ಸೆಕೆಂಡು. ಕೂತವರ ತೂಕಕ್ಕೂ ಇದಕ್ಕೂ ಸಂಬಂಧವಿಲ್ಲ. ಹಳೆಯ ಎತ್ತರದ ಮನೆಗಳ ಜೋಕಾಲಿ ಅಷ್ಟು ನೆಮ್ಮದಿ ಕೊಡುತ್ತಿದ್ದುದಕ್ಕೆ ಅದೂ ಒಂದು ಕಾರಣ. ತಗ್ಗು ಚಾವಣಿಯ ಕೋಣೆಯಲ್ಲಿ ಅದೇ ಹಲಗೆ ಚಡಪಡಿಸಿದಂತೆ ಓಡಾಡುತ್ತದೆ.

ಕಟ್ಟಿಗೆಯಲ್ಲಿ ಚೆನ್ನಾಗಿ ಒಣಗಿದ ಸಾಗುವಾನಿಗೆ ಸಮನಾದದ್ದು ಕಡಿಮೆ. ಐದು ಅಡಿ ಉದ್ದ, ಎರಡು ಅಡಿ ಅಗಲ, ಒಂದೂವರೆ ಇಂಚು ದಪ್ಪದ ಹಲಗೆ ಸುಮಾರು 23 ಕಿಲೊ ತೂಗುತ್ತದೆ. ಎರಡು ಅಡಿ ಅಗಲವಿದ್ದರೆ ಚಕ್ಕಳಮಕ್ಕಳ ಹಾಕಿ ಕೂರಬಹುದು. ಹಲಗೆಯ ಅಡಿಯಲ್ಲಿ ಎರಡು ಅಡ್ಡಪಟ್ಟಿ ಕೊಟ್ಟು, ಬೋಲ್ಟ್ ಹಲಗೆ ಮತ್ತು ಪಟ್ಟಿ ಎರಡನ್ನೂ ಹಾಯ್ದು ಕೆಳಗೆ ಅಗಲ ವಾಷರ್ ಹಾಗೂ ಜೋಡಿ ನಟ್ಟಿನಿಂದ ಬಿಗಿಯಬೇಕು. ಬದಿಯಿಂದ ತಿರುಗಿಸಿದ ಸ್ಕ್ರೂ ಎಷ್ಟೇ ದಪ್ಪವಿದ್ದರೂ ನಂಬಬೇಡಿ. ಹಲಗೆಯ ಎತ್ತರವನ್ನು ಪುಸ್ತಕದಿಂದ ತೆಗೆದುಕೊಳ್ಳದೆ ಅವ್ವನಿಂದಲೇ ತೆಗೆದುಕೊಳ್ಳಿ: ಕುರ್ಚಿಯಲ್ಲಿ ಕುಳ್ಳಿರಿಸಿ, ಮೊಣಕಾಲ ಹಿಂಬದಿಯಿಂದ ನೆಲದವರೆಗೆ ಅಳೆದು, ಒಂದು ಇಂಚು ಸೇರಿಸಿ. ಬೆನ್ನಾಸರೆ, ಕೈಯಾಸರೆ ಎರಡೂ ಇರಲಿ. ಕೂರುವಾಗ, ಏಳುವಾಗ ಹಲಗೆ ಹಿಂದಕ್ಕೆ ಸರಿಯದಂತೆ ಹಿಂದಿನ ಗೋಡೆಗೆ ಒಂದು ಬಳೆ ಹಾಕಿಸಿ, ಗಿಡ್ಡ ಸರಪಳಿಯಿಂದ ಜೋಕಾಲಿಯನ್ನು ಸಿಕ್ಕಿಸಿಡುವ ವ್ಯವಸ್ಥೆ ಮಾಡಿ. ಹಿರಿಯರು ಬೀಳುವುದು ತೂಗುವಾಗಲ್ಲ, ಏಳುವಾಗ. ಕಾಲಿನ ಕೆಳಗೆ ಜಾರುವ ಚಾಪೆ ಹಾಸಬೇಡಿ.

ಪ್ರಶ್ನೆ: ಮಂಗಳೂರಿನಲ್ಲಿ ಅಜ್ಜನ ಕಾಲದ ಹೆಂಚಿನ ಮನೆಯನ್ನು ದುರಸ್ತಿ ಮಾಡಿಸುತ್ತಿದ್ದೇವೆ. ಚಾವಡಿಯ ಮರದ ತೊಲೆಗೆ ಉಯ್ಯಾಲೆ ಹಾಕಬಹುದೇ? ಹಿತ್ತಾಳೆಯ ಸರಪಳಿ ತರಿಸಬೇಕೆಂದಿದ್ದೇವೆ.
— ಓದುಗರೊಬ್ಬರು, ಮಂಗಳೂರು

ತೊಲೆಗೆ ಹಾಕಬಹುದು; ಪಕ್ಕಾಸು, ರೀಪುಗಳಿಗೆ ಖಂಡಿತ ಹಾಕಬಾರದು, ಅವು ಹೆಂಚು ಹೊರುವುದಕ್ಕಷ್ಟೇ ಇರುವಂಥವು. ಮೊದಲು ತೊಲೆಯ ಆರೋಗ್ಯ ನೋಡಿ. ಸುತ್ತಿಗೆಯ ಹಿಡಿಯಿಂದ ಒಂದು ತುದಿಯಿಂದ ಇನ್ನೊಂದು ತುದಿಗೆ ತಟ್ಟುತ್ತ ಹೋಗಿ, ಟೊಳ್ಳು ಸದ್ದು ಬಂದಲ್ಲಿ ಉಳಿಯಿಂದ ಚುಚ್ಚಿ ನೋಡಿ. ಗೋಡೆಯೊಳಗೆ ಹುದುಗಿರುವ ತುದಿಗಳನ್ನು ಇನ್ನೂ ಎಚ್ಚರದಿಂದ ಪರೀಕ್ಷಿಸಿ. ಮಳೆನೀರು ಇಳಿದು ಗೆದ್ದಲು ಹಿಡಿಯುವುದು ಅಲ್ಲಿಯೇ. ತೊಲೆಯ ತಳದಲ್ಲಿ ಮೇಲ್ಮುಖವಾಗಿ ತೂತು ಕೊರೆಯಬೇಡಿ. ಭಾರ ಬಿದ್ದಾಗ ಅತಿ ಹೆಚ್ಚು ಎಳೆತಕ್ಕೆ ಸಿಗುವ ನಾರು ತಳದಲ್ಲಿದೆ. ತೊಲೆಯನ್ನು ಸುತ್ತಿ ಬರುವ ದಪ್ಪ ಉಕ್ಕಿನ ಪಟ್ಟಿ ಮಾಡಿಸಿ, ಮರಕ್ಕೂ ಪಟ್ಟಿಗೂ ನಡುವೆ ರಬ್ಬರ್ ಹಾಳೆ ಇಟ್ಟು, ಪಟ್ಟಿಯ ಕೆಳಗೆ ಕೊಂಡಿ ಬೆಸುಗೆ ಹಾಕಿಸಿ. ತೊಲೆಯ ನಟ್ಟನಡುವೆ ನೇತುಹಾಕುವುದಕ್ಕಿಂತ ಗೋಡೆಯ ಕಡೆಗೆ ಸರಿಸಿದಷ್ಟೂ ತೊಲೆ ಬಗ್ಗುವುದು ಕಡಿಮೆ.

ಸರಪಳಿ ಕೊಳ್ಳಲು ಹೋಗುವಾಗ ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಳ್ಳಿ. ಅಯಸ್ಕಾಂತ ಅಂಟಿದರೆ ಒಳಗಿರುವುದು ಕಬ್ಬಿಣ, ಮೇಲಿರುವುದು ಹಿತ್ತಾಳೆಯ ಲೇಪ. ನಿಮ್ಮ ಕಡಲ ಗಾಳಿಗೆ ಆ ಲೇಪ ಹೆಚ್ಚು ಮಳೆಗಾಲ ಕಾಣುವುದಿಲ್ಲ. ಅಪ್ಪಟ ಹಿತ್ತಾಳೆಯಾದರೂ ಪ್ರತಿ ಬಳೆಯ ಬಾಯಿ ಬೆಸೆದಿದೆಯೇ, ಬರಿಯ ಬಗ್ಗಿಸಿ ಮುಚ್ಚಿದ್ದೇ ಎಂದು ನೋಡಿ. ಆನೆ, ನವಿಲು, ಗಿಳಿಗಳ ಬೊಂಬೆಗಳಿರುವ ಸರಪಳಿ ಅಂದವಾಗಿಯೇನೋ ಇರುತ್ತದೆ. ಆದರೆ ಬೊಂಬೆಯ ತಲೆಯ ಮೇಲೂ ಕಾಲ ಕೆಳಗೂ ಇರುವ ತೆಳ್ಳನೆಯ ಕಿವಿಯೇ ಇಡೀ ಸರಪಳಿಯ ಬಲ. ಆ ಕಿವಿ ಕಿರುಬೆರಳಿಗಿಂತ ತೆಳುವಾಗಿದ್ದರೆ ಒಳಗೆ ಸ್ಟೇನ್‌ಲೆಸ್ ಸ್ಟೀಲಿನ ಸರಪಳಿಯೇ ಭಾರ ಹೊರುವಂತೆ ಮಾಡಿಸಿ, ಹಿತ್ತಾಳೆ ಅಲಂಕಾರಕ್ಕಿರಲಿ. ಸ್ಟೀಲಿನಲ್ಲಿ ಸಾಮಾನ್ಯವಾಗಿ ಸಿಗುವ 304 ದರ್ಜೆಯದು ಸಮುದ್ರದ ಉಪ್ಪಿಗೆ ಕಂದು ಕಲೆ ಕಟ್ಟುತ್ತದೆ; 316 ದರ್ಜೆಯದನ್ನು ಕೇಳಿ ತೆಗೆದುಕೊಳ್ಳಿ. ಬೆತ್ತದ ಆಸನ ಬೇಡವೆಂದೇ ನನ್ನ ಸಲಹೆ, ಆಟಿ ತಿಂಗಳ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ನಿಮ್ಮೂರಿನ ಹಲಸಿನ ಹಲಗೆ ಇದಕ್ಕೆ ಯೋಗ್ಯವಾದದ್ದು.

ಪ್ರಶ್ನೆ: ವಾಸ್ತುವಿನ ಪ್ರಕಾರ ಉಯ್ಯಾಲೆ ಯಾವ ದಿಕ್ಕಿಗೆ ತೂಗಬೇಕು?
— ಓದುಗರೊಬ್ಬರು, ತುಮಕೂರು

ಪೂರ್ವ–ಪಶ್ಚಿಮವಾಗಿ ತೂಗುವುದು ಒಳ್ಳೆಯದೆಂದು ಹಲವರು ನಂಬುತ್ತಾರೆ. ನಿಮ್ಮ ಮನೆಯವರ ಮನಸ್ಸಿಗೆ ಅದರಿಂದ ಸಮಾಧಾನವಾಗುವುದಾದರೆ ಹಾಗೆಯೇ ಮಾಡಿ. ನನ್ನ ಕಡೆಯಿಂದ ಹೇಳಬಹುದಾದದ್ದು ಇಷ್ಟೇ: ಬೀಮ್ ಇಲ್ಲದ ಕಡೆಗೆ, ಬಾಗಿಲು ತೆರೆಯುವ ಕಡೆಗೆ, ಗಾಜಿನ ಕಿಟಕಿಯ ಕಡೆಗೆ ತೂಗುವ ಉಯ್ಯಾಲೆ ಯಾವ ದಿಕ್ಕಿನದಾದರೂ ಬೇಡ.

ಪ್ರಶ್ನೆ: ನಮಗೆ ಐದು ಮತ್ತು ಎಂಟು ವರ್ಷದ ಮಕ್ಕಳಿದ್ದಾರೆ. ಬಾಲ್ಕನಿಯಲ್ಲಿ ತೂಗುಕುರ್ಚಿ, ಕೋಣೆಯಲ್ಲಿ ಸೀರೆಯ ಜೋಕಾಲಿ ಕಟ್ಟಿಕೊಡಿ ಎಂದು ಹಟ ಮಾಡುತ್ತಾರೆ.
— ತಾಯಿಯೊಬ್ಬರು, ಬಳ್ಳಾರಿ

ಎರಡನ್ನೂ ಒಪ್ಪಬೇಡಿರೆಂದು ಕೈಮುಗಿದು ಕೇಳುತ್ತೇನೆ. ಸೀರೆಯ ಜೋಕಾಲಿಯಲ್ಲಿ ಮಗು ಸುತ್ತಸುತ್ತ ತಿರುಗಿದಾಗ ಬಟ್ಟೆ ಹುರಿಗೊಂಡು ಕುತ್ತಿಗೆಗೆ ಬಿಗಿಯುತ್ತದೆ. ಬಿಗಿದ ಮೇಲೆ ಮಗುವಿಗೆ ಕೂಗಲು ಆಗುವುದಿಲ್ಲ. ಹೀಗೆ ಜೀವ ಹೋದ ಸುದ್ದಿಗಳನ್ನು ನಾವು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತಿದ್ದೇವೆ. ಪಕ್ಕದ ಕೋಣೆಯಲ್ಲಿ ಅಡುಗೆ ಮಾಡುತ್ತಿದ್ದ ತಾಯಂದಿರಿಗೆ ಏನೂ ಕೇಳಿಸಿರುವುದಿಲ್ಲ.

ಬಾಲ್ಕನಿಯ ಕಟಾಂಜನ ಮೂರೂವರೆ ಅಡಿ ಎತ್ತರವಿದೆ ಎಂದುಕೊಳ್ಳಿ. ಒಂದೂವರೆ ಅಡಿ ಎತ್ತರದ ಕುರ್ಚಿಯ ಮೇಲೆ ಎಂಟು ವರ್ಷದ ಮಗು ಎದ್ದು ನಿಂತರೆ ಅದರ ಪಾಲಿಗೆ ಉಳಿಯುವ ತಡೆ ಎರಡೇ ಅಡಿ, ಅಂದರೆ ತೊಡೆಯ ಎತ್ತರ. ಜೊತೆಗೆ ಕಾಲಕೆಳಗಿನ ಆಸನ ಸರಿಯುತ್ತಿರುತ್ತದೆ. ಚಾವಣಿಯವರೆಗೆ ಗ್ರಿಲ್ ಇಲ್ಲದ ಬಾಲ್ಕನಿಯಲ್ಲಿ ಉಯ್ಯಾಲೆ ಇಡಲೇಬಾರದು.

ಮಕ್ಕಳಿಗೆಂದು ಮಾಡಿಸುವುದಾದರೆ ಹಾಲ್‌ನಲ್ಲಿ, ತಗ್ಗಾದ ಹಗುರ ಹಲಗೆ ಹಾಕಿಸಿ. ಅಂಚುಗಳನ್ನು ದುಂಡಗೆ ಉಜ್ಜಿಸಿ, ಬೆರಳು ಸಿಕ್ಕಿಕೊಳ್ಳದಂತೆ ಸರಪಳಿಗೆ ನಾಲ್ಕು ಅಡಿ ಎತ್ತರದವರೆಗೆ ದಪ್ಪ ಬಟ್ಟೆಯ ಚೀಲ ಹೊಲಿಸಿ. ತೆರೆದ ಬಾಯಿಯ ‘ಎಸ್’ ಕೊಕ್ಕೆ ಎಲ್ಲಿಯೂ ಇರಬಾರದು. ಜೋರಾಗಿ ಜೀಕಿದಾಗ ಸರಪಳಿ ಒಂದು ಕ್ಷಣ ಸಡಿಲಗೊಂಡು ಅದರಿಂದ ಕಳಚಿಕೊಳ್ಳುತ್ತದೆ. ತಿರುಪು ಹಾಕಿ ಬಾಯಿ ಮುಚ್ಚುವ ಶ್ಯಾಕಲ್ ಬಳಸಿ. ಹಗ್ಗವಾದರೆ ಗಂಟು ಹಾಕಿದಲ್ಲಿ ಅದರ ಬಲ ಅರ್ಧದಷ್ಟಕ್ಕೆ ಇಳಿಯಬಹುದೆಂಬುದು ನೆನಪಿರಲಿ.

ಪ್ರಶ್ನೆ: ಅಮೆರಿಕದ ನ್ಯೂಜೆರ್ಸಿಯಲ್ಲಿ ಮರದ ಚೌಕಟ್ಟಿನ ಮನೆಯಲ್ಲಿದ್ದೇವೆ. ಊರಿನಿಂದ ಉಯ್ಯಾಲೆ ಹಲಗೆ ತರಿಸಿದ್ದೇವೆ. ಇಲ್ಲಿನ ಚಾವಣಿ ತಡೆಯುವುದೇ?
— ಕನ್ನಡಿಗರೊಬ್ಬರು, ನ್ಯೂಜೆರ್ಸಿ

ನಿಮಗೆ ಕಾಣುವ ಬಿಳಿ ಚಾವಣಿ ತೆಳು ಹಲಗೆ ಮಾತ್ರ. ಅದರ ಮೇಲೆ ಸಾಮಾನ್ಯವಾಗಿ 16 ಇಂಚಿಗೊಂದರಂತೆ ಮರದ ಜಾಯಿಸ್ಟ್‌ಗಳು, ಅಂದರೆ ಅಡ್ಡತೊಲೆಗಳು, ಓಡುತ್ತವೆ. ಮೇಲೆ ಇನ್ನೊಂದು ಅಂತಸ್ತು ಇದ್ದರೆ ಅವು ಜನರ ಓಡಾಟ ಹೊರಲೆಂದೇ ಇರುವಂಥವು. ಆದರೂ ಒಂದೇ ಜಾಯಿಸ್ಟ್‌ಗೆ ಜೋತುಹಾಕದೆ, ಮೂರು ನಾಲ್ಕನ್ನು ಹಾಯುವ ದಪ್ಪ ಮರದ ತುಂಡನ್ನು ಅಡ್ಡಲಾಗಿ ಬೋಲ್ಟ್ ಮಾಡಿಸಿ, ಅದಕ್ಕೆ ಕೊಂಡಿ ಹಾಕಿಸಿ. ಮೇಲೆ ಬರಿಯ ಅಟ್ಟವಿದ್ದು ತ್ರಿಕೋನಾಕಾರದ ಟ್ರಸ್‌ಗಳಿದ್ದರೆ ಅವುಗಳ ಕೆಳಪಟ್ಟಿ ತೂಗುವ ಭಾರಕ್ಕೆಂದು ಮಾಡಿದ್ದಲ್ಲ. ಎಂಜಿನಿಯರ್ ನೋಡಿ ಒಪ್ಪದೆ ಮುಟ್ಟಬೇಡಿ. ನಮ್ಮ ಒಣ ಹವೆಯಿಂದ ಹೋದ ಹಲಗೆಯಾದರೂ ಅಲ್ಲಿನ ಚಳಿಗಾಲದ ಹೀಟರಿನ ಶುಷ್ಕತೆಗೆ ಸೀಳಬಹುದು. ಆರೇಳು ತಿಂಗಳಿಗೊಮ್ಮೆ ಎಣ್ಣೆ ಕುಡಿಸಿ.

ಪ್ರಶ್ನೆ: ನಮ್ಮ ಉಯ್ಯಾಲೆ ಕಿರ್ರೆಂದು ಸದ್ದು ಮಾಡುತ್ತದೆ. ಮೇಲಿನ ಮನೆಯವರೂ ದೂರುತ್ತಾರೆ. ಕೊಬ್ಬರಿ ಎಣ್ಣೆ ಬಿಟ್ಟರೆ ನಾಲ್ಕು ದಿನ ಸುಮ್ಮನಿದ್ದು ಮತ್ತೆ ಶುರುವಾಗುತ್ತದೆ.
— ನಿವೃತ್ತರೊಬ್ಬರು, ಮೈಸೂರು

ಕೊಬ್ಬರಿ ಎಣ್ಣೆ ಧೂಳಿನೊಡನೆ ಸೇರಿ, ಕರಿಯ ಅರೆಯುವ ಹಿಟ್ಟಿನಂತಾಗುತ್ತದೆ. ಅದು ಕೊಂಡಿಯನ್ನು ಇನ್ನಷ್ಟು ಸವೆಸುತ್ತದೆ. ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ ತೆಗೆದು, ಬೇರಿಂಗಿಗೆ ಹಾಕುವ ಗ್ರೀಸನ್ನು ಬಟಾಣಿಯಷ್ಟು ಹಚ್ಚಿ. ಸದ್ದು ಸ್ಲ್ಯಾಬಿನ ಮೂಲಕ ಮೇಲಿನ ಮನೆಗೆ ಹೋಗುತ್ತಿರುವುದರಿಂದ, ಒಳಗೆ ಬೇರಿಂಗ್ ಇರುವ ಕೊಂಡಿ ಹಾಕಿಸಿದರೆ ನೆರೆಯವರ ದೂರೂ ನಿಲ್ಲುತ್ತದೆ.

ಆದರೆ ಸದ್ದನ್ನು ಅಡಗಿಸುವ ಮೊದಲು ಅದು ಎಲ್ಲಿಂದ ಬರುತ್ತಿದೆ ಎಂದು ನೋಡಬೇಕು. ನಮ್ಮ ಅಜ್ಜಿಯ ಮನೆಯ ತೂಗುಮಂಚವನ್ನು ನಲವತ್ತು ವರ್ಷಗಳ ಬಳಿಕ ಇಳಿಸಿದಾಗ ಅದರ ಒಂದು ಕೊಂಡಿಯನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಹೊರಗಿನಿಂದ ಅದು ಹೆಬ್ಬೆರಳಿನ ದಪ್ಪದ ಕಬ್ಬಿಣವೇ. ಸರಪಳಿ ಕೂರುವ ಒಳಬದಿಯಲ್ಲಿ ಮಾತ್ರ ಬೆರಳು ಹೂಳುವಷ್ಟು ಆಳವಾಗಿ, ಕನ್ನಡಿಯಂತೆ ಹೊಳೆಯುತ್ತ ಸವೆದಿತ್ತು. ಉಳಿದದ್ದು ಪೆನ್ಸಿಲಿನಷ್ಟು. ಸರಪಳಿಯನ್ನು ಎತ್ತಿ ಪಕ್ಕಕ್ಕೆ ಸರಿಸದೆ ಆ ಸವೆತ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ, ಮನೆಯ ಎಂಟು ಮಂದಿ ಮೊಮ್ಮಕ್ಕಳು ಅದರ ಮೇಲೆ ಸಾಲಾಗಿ ಕೂರುತ್ತಿದ್ದೆವು.

ವರ್ಷಕ್ಕೆ ಒಂದು ಸಲ, ಪಂಚಮಿಗೋ ದೀಪಾವಳಿಯ ಸ್ವಚ್ಛತೆಗೋ ಮೊದಲು, ಏಣಿ ಹಾಕಿ ಉಯ್ಯಾಲೆಯನ್ನು ಇಳಿಸಿ. ಕೊಂಡಿಯ ಸವೆಯದ ಭಾಗದ ದಪ್ಪವನ್ನು ದಪ್ಪ ಅಳೆಯುವ ಕ್ಯಾಲಿಪರಿನಿಂದ ಅಳೆಯಿರಿ, ಸವೆದ ಭಾಗದ ದಪ್ಪವನ್ನೂ ಅದೇ ರೀತಿ ಅಳೆದು ಎರಡನ್ನೂ ಹೋಲಿಸಿ. ಹತ್ತರಲ್ಲಿ ಒಂದು ಪಾಲು ಕಡಿಮೆಯಾಗಿದ್ದರೆ ಕೊಂಡಿಯನ್ನು ಬದಲಿಸಿ. ಸರಪಳಿಯ ಮೇಲಿನ ಮೂರು ಬಳೆಗಳನ್ನೂ ಹಲಗೆಯ ಬೋಲ್ಟಿನ ಬಳಿಯ ಬಳೆಯನ್ನೂ ಹೀಗೆಯೇ ನೋಡಿ. ಕೊಂಡಿಯ ಸುತ್ತ ಸುಣ್ಣ ಉದುರಿದ್ದರೆ, ತುಕ್ಕಿನ ಗೆರೆ ಇಳಿದಿದ್ದರೆ, ಸೂಜಿಯಷ್ಟು ಬಿರುಕು ಕಂಡರೂ, ಎಂಜಿನಿಯರ್ ಬಂದು ನೋಡುವವರೆಗೆ ಹಲಗೆಯನ್ನು ಮತ್ತೆ ಏರಿಸದೆ ಗೋಡೆಗೆ ಒರಗಿಸಿಡಿ.